ಟೀಚರ್ ಮನೆ ಹುಡುಗ

"ಅಡ್ಡ ಅಲ್ಲ, ಓರೆ ಮಾಡಿ, ಓರೆ," ಎಂದು ನಾದಿನಿ ಹೇಳುವಷ್ಟರಲ್ಲಿ ಹೊಲಿಗೆ ಯಂತ್ರ ನಡುಬಾಗಿಲಲ್ಲಿ ಸಿಕ್ಕಿಕೊಂಡೇ ಬಿಟ್ಟಿತು. ಒಂದು ಕಡೆಯಿಂದ ನಾದಿನಿಯ ಗಂಡ ಎಳೆಯುತ್ತಿದ್ದ, ಇನ್ನೊಂದು ಕಡೆಯಿಂದ ಎದುರುಮನೆಯ ಗಡಿಯಾರ ರಿಪೇರಿಯವನು ನೂಕುತ್ತಿದ್ದ. ಮುಂದಿನ ಕೋಣೆ ಖಾಲಿಯಾಗದೆ ಟೈಲರನ್ನು ಮಲಗಿಸಲು ಜಾಗವಿರಲಿಲ್ಲ. ಆಸ್ಪತ್ರೆಯಿಂದ ವ್ಯಾನು ಹೊರಟಿದೆಯೆಂದು ಫೋನು ಬಂದು ಆಗಲೇ ತುಂಬ ಹೊತ್ತಾಗಿತ್ತು. ಯಂತ್ರವೋ, ಹಟ ಹಿಡಿದ ಎತ್ತಿನ ಹಾಗೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ.

ಟೀಚರು ಗೋಡೆಗೊರಗಿ ನೋಡುತ್ತಿದ್ದರು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಎದ್ದ ಗಂಡ ಗೋಡೆ ಹಿಡಿದು ಕೂತವರು ಮತ್ತೆ ಎದ್ದಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಅವರು ಪಾಠ ಕೇಳುವ ಮಗುವಿನ ಹಾಗೆ ತಲೆಯಾಡಿಸುತ್ತ ಕೇಳಿಸಿಕೊಂಡು ಬಂದಿದ್ದರು, ಅಷ್ಟೆ.

"ಚಕ್ರದ ಕಡೆ ಮೊದಲು ಹೋಗ್ಬೇಕು," ಎಂದರು ಈಗ. "ಅವರು ಹಾಗೇ ದಾಟಿಸ್ತಿದ್ರು."

ತಿರುಗಿಸಿ ನೂಕಿದರು. ಯಂತ್ರ ತಂಟೆ ಮರೆತ ಕೂಸಿನಂತೆ ಒಳಕೋಣೆಗೆ ಹೋಗಿ ನಿಂತಿತು. ಅದು ನಿಂತಿದ್ದ ನೆಲದಲ್ಲಿ ದಾರದ ಚೂರುಗಳು, ಸೀಮೆಸುಣ್ಣದ ಪುಡಿ, ಬಟನ್ನುಗಳು. ನಾದಿನಿ ಪೊರಕೆ ಹಿಡಿದು ಬಂದಳು. ಗುಡಿಸುವಾಗ ಅವಳ ಮೂಗು ಸೊರಸೊರ ಅನ್ನುತ್ತಿತ್ತು. ಟೈಲರಿಗೆ ಇದ್ದ ಒಬ್ಬಳೇ ತಂಗಿ ಅವಳು. ಬೇಕರಿ ನಡೆಸುವವಳು, ಮಾತು ಜೋರು, ಕಣ್ಣೀರೂ ಜೋರು.

ಹೆಣ ಬಂತು, ಜನ ಬಂದರು. ಟೈಲರ ಬಗ್ಗೆ ಬಂದವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಕೈ ಚೊಕ್ಕ, ಬಾಯಿ ಮೃದು, ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಮನುಷ್ಯನಲ್ಲ. ಅಂಚೆಯವನು ತನ್ನ ಪ್ಯಾಂಟು ಒಳಕೋಣೆಯಲ್ಲಿ ಇನ್ನೂ ಒಂಟಿಕಾಲಲ್ಲಿ ನಿಂತಿದೆ ಎಂದ. ನಗು ಬಂದವರು ತುಟಿ ಕಚ್ಚಿಕೊಂಡರು. ಟೀಚರಿಗೂ ನಗು ಬಂತು. ಆ ಪ್ಯಾಂಟಿನ ಮೇಲೇ ಹೋದ ವಾರ ಮನೆಯಲ್ಲಿ ದೊಡ್ಡ ವಾದವಾಗಿತ್ತು. ಎರಡು ಕಾಲಿದೆ ಅಂತ ಇಂಗ್ಲಿಷಿನವರು ಇದಕ್ಕೆ ಟ್ರೌಸರ್ಸ್ ಅಂತ ಬಹುವಚನ ಹಾಕಿದರಲ್ಲ, ಹಾಗಾದರೆ ಎರಡು ತೋಳಿನ ಅಂಗಿ ಮಾಡಿದ ಪಾಪವೇನು, ಅದು ಯಾಕೆ ಒಂದು ಶರ್ಟು ಎಂದು ಟೈಲರು ಕೇಳಿದ್ದರು. ಟೀಚರು ನಾಳೆ ಹೇಳುತ್ತೇನೆ ಎಂದು ಜಾರಿಕೊಂಡಿದ್ದರು.

*

ವರ್ಷಗಳ ಹಿಂದಿನ ಮಾತು, ಟೀಚರು ಕೆಲಸಕ್ಕೆ ಸೇರಿದ ಹೊಸದು. ಮೂರನೇ ಕ್ಲಾಸಿಗೆ ಇಂಗ್ಲಿಷು. ಅವರಿಗಿಂತ ಮೊದಲು ಆ ಕ್ಲಾಸಿನಲ್ಲಿದ್ದವರು ತಪ್ಪು ಹೇಳಿದ ಮಗುವಿನ ಬೆರಳ ಗಂಟಿಗೆ ಸ್ಕೇಲಿನ ಅಂಚಿನಿಂದ ಹೊಡೆಯುತ್ತಿದ್ದರಂತೆ. ಅವರು ವರ್ಗವಾಗಿ ಹೋದರೂ ಏಟಿನ ನೆನಪು ಹೋಗಿರಲಿಲ್ಲ. ಹೊಸ ಟೀಚರು ಏನು ಕೇಳಿದರೂ ಕ್ಲಾಸಿಗೆ ಕ್ಲಾಸೇ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿತ್ತು. ಪರೀಕ್ಷೆ ಹತ್ತಿರ ಬಂತು, ರಿವಿಷನ್ನು ಶುರುವಾಯಿತು. ಒಂದಕ್ಕೆ ಇದು, ಹಲವಕ್ಕೆ ಏನು? ಮೌನ. ಇದರ ವಿರುದ್ಧ ಪದ ಏನು? ಮೌನ. ಗೋಡೆಗೆ ಪಾಠ ಮಾಡಿದರೆ ಗೋಡೆಯಾದರೂ ಪ್ರತಿಧ್ವನಿಸುತ್ತದೆ.

ಆ ಸಂಜೆ ಮನೆಗೆ ಬಂದು ಚೀಲ ಎಸೆದು ಕೂತರು. ಟೈಲರು ಯಂತ್ರ ತುಳಿಯುತ್ತಲೇ ಏನಾಯಿತೆಂದು ಕೇಳಿದರು.

"ಒಂದು ಫುಟ್. ಎರಡಾದರೆ ಏನು? ನೀವೇ ಹೇಳಿ, ಇಷ್ಟು ಕೇಳಿದ್ದಕ್ಕೆ ಒಬ್ಬರೂ ಬಾಯಿ ಬಿಡಲಿಲ್ಲ."

"ಫುಟ್ಸ್," ಎಂದರು ಟೈಲರು.

"ಅಲ್ಲ. ಫೀಟ್."

ಯಂತ್ರ ನಿಂತಿತು. "ಒಂದು ಬುಕ್ಕು ಎರಡು ಬುಕ್ಸು. ಒಂದು ಬಟನ್ನು ಎರಡು ಬಟನ್ಸು. ಕಾಲಿಗೆ ಮಾತ್ರ ಏನು ರೋಗ ಬಂತು?"

ಟೈಲರು ತಮಾಷೆ ಮಾಡುತ್ತಿರಲಿಲ್ಲ. ಅವರು ಸ್ಕೂಲು ಬಿಟ್ಟಿದ್ದೇ ಮೂರನೇ ಕ್ಲಾಸಿನಲ್ಲಿ. ಕಾಲಿಗಾದ ಅನ್ಯಾಯಕ್ಕೆ ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಮರುದಿನ ಕ್ಲಾಸಿನಲ್ಲಿ ಅದೇ ಪ್ರಶ್ನೆ, ಅದೇ ಮೌನ. ಟೀಚರಿಗೆ ಅದು ಹೇಗೆ ಬಾಯಿಗೆ ಬಂತೋ, "ನಮ್ಮನೇಲಿ ಒಬ್ಬ ಹುಡುಗ ಇದಾನೆ," ಎಂದರು. "ನಿನ್ನೆ ಅವನು ಏನಂದ ಗೊತ್ತಾ? ಟೂ ಫುಟ್ಸ್ ಅಂದ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅದು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಕೊನೆಗೆ ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು, "ಫೀಟ್ ಮಿಸ್, ಫೀಟ್" ಎಂದು ಕೂಗಿತು. ಎಲ್ಲರಿಗೂ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಆ ಸಂಜೆ ವರದಿ ಕೇಳಿ ಟೈಲರು ಕತ್ತರಿ ಕೆಳಗಿಟ್ಟು ನಕ್ಕರು. ಕಣ್ಣೊರೆಸಿಕೊಂಡು, "ನಾಳೆಗೆ ಯಾವ ಪಾಠ?" ಎಂದು ಕೇಳಿದರು.

*

ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಿಸ್ಸು ಮೂರನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ಕರೆತಂದರು. ಬೇಡವೆಂದರೂ ಕೇಳಲಿಲ್ಲ, ಕೆಲವರು ಅತ್ತೇ ಬಿಟ್ಟರು, ಏನು ಮಾಡಲಿ ಎಂದು ಟೀಚರ ಕೈ ಹಿಡಿದುಕೊಂಡರು. ಯೂನಿಫಾರಮ್ಮಿನ ಅಳತೆಗೆಂದು ವರ್ಷವರ್ಷ ಈ ಮನೆಗೆ ಬಂದಿದ್ದ ಮಕ್ಕಳು. ಟೈಲರ್ ತಾತ ಎಲ್ಲರಿಗೂ ಗೊತ್ತು. ಒಬ್ಬೊಬ್ಬರೇ ಬಂದು ಹೂವಿಟ್ಟು, ಮುಖ ನೋಡಿ, ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತರು. ಕೂತ ಮೇಲೆ ಪಿಸುಪಿಸು ಶುರುವಾಯಿತು. ಆ ಪಿಸುಪಿಸು ಸಾವಿನದಲ್ಲವೆಂದು ಟೀಚರ ಕಿವಿಗೆ ಗೊತ್ತಾಯಿತು. ಏನೋ ಕೇಳಬೇಕಾಗಿದೆ, ಯಾರು ಕೇಳುವುದು ಅನ್ನುವ ಜಗಳ ಅದು.

ಕೊನೆಗೆ ಕ್ಲಾಸಿನ ಲೀಡರು, ಕನ್ನಡಕದ ಹುಡುಗ, ನೀರಿನ ಲೋಟ ಹಂಚುತ್ತಿದ್ದ ನಾದಿನಿಯನ್ನು ಹಿಡಿದ.

"ಆಂಟಿ, ಅವನೆಲ್ಲಿ?"

"ಯಾರಪ್ಪ?"

"ಮನೆ ಹುಡುಗ. ಟೈಲರ್ ತಾತನ್ನ ಇನ್ನೇನು ಕರ್ಕೊಂಡು ಹೋಗ್ತಾರೆ, ಅವನು ಕಾಣಿಸ್ತಾನೇ ಇಲ್ಲ. ಅಳ್ತಾ ಇದಾನಾ?"

ನಾದಿನಿಗೆ ಅರ್ಥವಾಗಲಿಲ್ಲ. ಯಾವ ಮನೆ, ಯಾವ ಹುಡುಗ ಎಂದು ಕೇಳಿದಳು. ಅಷ್ಟು ಸಾಕಾಗಿತ್ತು, ಮಕ್ಕಳು ಮೇಲೆ ಬಿದ್ದು ಹೇಳತೊಡಗಿದರು. ಇದೇ ಮನೆ ಹುಡುಗ, ನಮ್ಮಷ್ಟೇ ದೊಡ್ಡವನು, ನಾಯಿ ಕಂಡರೆ ಹೆದರುತ್ತಾನೆ, ಹಲ್ಲಲ್ಲಿ ದಾರ ಕಡಿಯಬೇಡ ಅಂದರೂ ಕಡಿಯುತ್ತಾನೆ, ಸ್ಕೂಲಿಗೆ ಬರುವುದಿಲ್ಲ, ಮಿಸ್ಸು ಮನೆಯಲ್ಲೇ ಓದಿಸುತ್ತಾರೆ, ದಡ್ಡ, ಆದರೆ ಒಳ್ಳೆಯವನು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲಿಲ್ಲ? ಅಂಗಳದ ಕುರ್ಚಿಗಳಲ್ಲಿ ತಲೆಗಳು ಒಂದರ ಹತ್ತಿರ ಒಂದು ಬಂದವು. ಮಕ್ಕಳಿಲ್ಲದ ಮನೆ ಅಂದುಕೊಂಡಿದ್ದೆವಲ್ಲ. ಹಾಗಾದರೆ ಯಾರದು? ಟೈಲರದೇ ಇರಬೇಕು. ಹೊರಗೆ ಎಲ್ಲೋ ಇತ್ತೇನೋ, ತಾಯಿ ತೀರಿಕೊಂಡ ಮೇಲೆ ಈಯಮ್ಮ ತಂದಿಟ್ಟುಕೊಂಡಿರಬೇಕು, ದೊಡ್ಡ ಮನಸ್ಸು. ಹುಡುಗನಿಗೆ ತಲೆ ಸರಿಯಿಲ್ಲವಂತೆ, ಅದಕ್ಕೇ ಹೊರಗೆ ಬಿಡುವುದಿಲ್ಲ. ಮಾತು ಅಂಗಳದ ಆ ತುದಿ ಮುಟ್ಟಿ ಈ ತುದಿಗೆ ಮರಳುವಷ್ಟರಲ್ಲಿ ಹುಡುಗನಿಗೆ ಟೈಲರ ಮೂಗೂ ಬಂದಿತ್ತು.

ನಾದಿನಿ ಲೋಟದ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, ಟೀಚರ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಅತ್ತಿಗೆ, ನಿಜ ಹೇಳಿ. ಅಣ್ಣನಿಗೆ ಮಗ ಇದಾನಾ?"

*

ಮಕ್ಕಳಾಗಿರಲಿಲ್ಲ. ಒಂದಷ್ಟು ವರ್ಷ ಆಸ್ಪತ್ರೆಗಳಿಗೆ ಅಲೆದರು. ಅಲೆದಾಟ ನಿಂತ ಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಅಷ್ಟು ಹೊತ್ತಿಗೆ ಆ ಹುಡುಗ ಮನೆಗೆ ಬಂದಿದ್ದ.

ಸಂಜೆ ಟೀಚರು ಚಪ್ಪಲಿ ಬಿಡುವ ಮೊದಲೇ ಟೈಲರು, "ಇವತ್ತು ನಮ್ಮ ಹುಡುಗ ಏನ್ ಮಾಡ್ದ?" ಎಂದು ಕೇಳುತ್ತಿದ್ದರು. ಇವತ್ತು ಅವನು ಗೋ ಅನ್ನುವುದರ ಭೂತಕಾಲಕ್ಕೆ ಗೋಡ್ ಅಂದ, ಕ್ಲಾಸೆಲ್ಲ ವೆಂಟ್ ವೆಂಟ್ ಅಂತ ತಿದ್ದಿತು, ನಾಳೆ ಹೇಳದಿದ್ದರೆ ಬಸ್ಕಿ ಹೊಡೆಸಿ ಅಂದಿತು, ಎಂದು ಟೀಚರು ವರದಿ ಒಪ್ಪಿಸುತ್ತಿದ್ದರು. ಟೈಲರು ನೊಂದುಕೊಂಡವರ ಹಾಗೆ, ಅಷ್ಟಕ್ಕೆಲ್ಲ ಬಸ್ಕಿಯೇ ಎನ್ನುತ್ತಿದ್ದರು. ಹೋಲಿಕೆಯ ಪದಗಳು ಬಂದಾಗ ಹುಡುಗ ಗುಡ್, ಗುಡ್ಡರ್ ಎಂದ. ಮಕ್ಕಳು ತಿದ್ದಿ ಕಳಿಸಿದ ಬೆಟರ್ ಅನ್ನು ಟೈಲರು ರಾತ್ರಿ ಊಟಕ್ಕೆ ಕೂತಾಗಲೂ ಯೋಚಿಸಿದರು. ತುತ್ತು ಬಾಯಿಗಿಡುವವರು ತಡೆದು, "ಸರಿಯಾಗೇ ಇದೆ ಕಣೇ," ಎಂದರು. "ಗುಡ್ಡಕ್ಕಿಂತ ದೊಡ್ಡದು ಬೆಟ್ಟ. ಗುಡ್‌ಗಿಂತ ದೊಡ್ಡದು ಬೆಟರ್." ಮರುದಿನದಿಂದ ಆ ಸ್ಕೂಲಿನಲ್ಲಿ ಅದನ್ನು ಮರೆತ ಮಗುವಿಲ್ಲ.

ಪ್ರತಿ ಕಿರುಪರೀಕ್ಷೆಯ ಅಂಕ ಓದುವಾಗ ಟೀಚರು ಕೊನೆಯಲ್ಲಿ ಮನೆ ಹುಡುಗನದನ್ನೂ ಓದುತ್ತಿದ್ದರು. ಅದು ಯಾವಾಗಲೂ ಎಲ್ಲರಿಗಿಂತ ಕಡಿಮೆ. ಹೀಗಾಗಿ ಅವರ ಕ್ಲಾಸಿನಲ್ಲಿ ಇಷ್ಟು ವರ್ಷ ಕೊನೆಯ ಮಗು ಅಂತ ಯಾವುದೂ ಇರಲಿಲ್ಲ.

ಒಂದು ಸಲ ಟೈಲರು ಉಳಿದ ಬಟ್ಟೆಯಲ್ಲಿ ಒಂದು ಪುಟ್ಟ ಅಂಗಿ ಹೊಲಿದರು. ಮೂರನೇ ಕ್ಲಾಸಿನ ಅಳತೆ. ಯಾರೂ ಹೇಳಿದ್ದಲ್ಲ. ಗುಂಡಿ ಹಚ್ಚಿ, ಇಸ್ತ್ರಿ ಮಾಡಿ, ಕುರ್ಚಿಯ ಬೆನ್ನಿಗೆ ಹಾಕಿದರು. ಅದು ಅಲ್ಲೇ ಇತ್ತು, ಕೆಲವು ದಿನ. ಟೀಚರು ಅದರ ಮುಂದೆ ಓಡಾಡಿದರು, ಕೇಳಲಿಲ್ಲ. ಆಮೇಲೆ ಒಂದು ಬೆಳಗ್ಗೆ ಚೀಲದಲ್ಲಿಟ್ಟುಕೊಂಡು ಹೋಗಿ, ತೋಳು ಹರಿದ ಅಂಗಿ ಹಾಕಿಕೊಂಡು ಬರುತ್ತಿದ್ದ ಒಬ್ಬನಿಗೆ ಕೊಟ್ಟು, "ನಮ್ಮ ಹುಡುಗನಿಗೆ ಚಿಕ್ಕದಾಯ್ತು," ಎಂದರು. ಸಂಜೆ ಖಾಲಿ ಕುರ್ಚಿ ನೋಡಿ ಟೈಲರು ಕೇಳಿದ್ದು ಒಂದೇ: "ತೋಳು ಸರಿಯಾಯ್ತಾ?" ಆಮೇಲೆ ಪ್ರತಿ ವರ್ಷ ಒಂದು ಅಂಗಿ ಹೊಲಿದರು. ಹುಡುಗ ಪ್ರತಿ ವರ್ಷ ಬೆಳೆದ. ಆದರೂ ಮೂರನೇ ಕ್ಲಾಸು ದಾಟಲಿಲ್ಲ.

ಈಗಿನ ಹೆಡ್‌ಮಿಸ್ಸು ಹೊಸದಾಗಿ ಬಂದಾಗ ಈ ಸುದ್ದಿ ಅವರ ಕಿವಿಗೂ ಬಿತ್ತು. ಮಗುವನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲಿಟ್ಟುಕೊಳ್ಳುವುದು ತಪ್ಪು, ಅದೂ ಟೀಚರೊಬ್ಬರು, ಎಂದು ಒಂದು ಸಂಜೆ ಕೆಂಡವಾಗಿ ಮನೆಗೇ ಬಂದರು. ಎಲ್ಲಿ ಹುಡುಗ, ಕರೀರಿ ಎಂದರು. ಟೈಲರು ಯಂತ್ರ ಬಿಟ್ಟೆದ್ದು, ನರೆತ ಮೀಸೆ ಸರಿಮಾಡಿಕೊಂಡು, ಕೈಕಟ್ಟಿ ನಿಂತರು.

"ಪ್ರೆಸೆಂಟ್, ಮಿಸ್."

ಹೆಡ್‌ಮಿಸ್ಸು ಆ ದಿನ ಕಾಫಿ ಕುಡಿದು, ನಕ್ಕು ನಕ್ಕು ಸುಸ್ತಾಗಿ ಹೋದರು.

ವರ್ಷ ಕಳೆದಂತೆ ಒಂದು ತೊಂದರೆ ಬಂತು. ಕೇಳಿ ಕೇಳಿ ಟೈಲರಿಗೆ ಎಲ್ಲ ಬಂದುಬಿಟ್ಟಿತ್ತು. ಟೀಚರು ಸಂಜೆ ಪರೀಕ್ಷೆ ಮಾಡಿದರೆ ಸರಿಯುತ್ತರವೇ ಬಾಯಿಗೆ ಬರುತ್ತಿತ್ತು. ತಕ್ಷಣ ನಾಲಿಗೆ ಕಚ್ಚಿಕೊಂಡು, ತಡಿ ತಡಿ, ಯೋಚನೆ ಮಾಡ್ತೀನಿ ಎನ್ನುತ್ತಿದ್ದರು. ಮಕ್ಕಳು ಎಲ್ಲಿ ಎಡವುತ್ತಾರೋ ಸರಿಯಾಗಿ ಅಲ್ಲೇ ಎಡವಬೇಕು. ತೀರಾ ಪೆದ್ದು ತಪ್ಪಾದರೆ ಅವರು ನಂಬುವುದಿಲ್ಲ, ತೀರಾ ಜಾಣ ತಪ್ಪಾದರೆ ಅವರಿಗೆ ತಿದ್ದಲು ಬರುವುದಿಲ್ಲ. "ತಪ್ಪು ಹೊಲಿಯೋದು ಅಂದ್ರೆ ಸುಲಭ ಅಂದ್ಕೊಂಡಿದೀಯಾ?" ಎನ್ನುತ್ತಿದ್ದರು. "ಕಾಲರಿಗಿಂತ ಕಷ್ಟ." ಅಂಚೆಯವನ ಪ್ಯಾಂಟು ತಡವಾಗುತ್ತಿದ್ದುದು ಇದರಿಂದಲೇ.

*

ಇದನ್ನೆಲ್ಲ ಟೀಚರು ಅಡುಗೆಮನೆಯಲ್ಲಿ ನಿಂತು, ಹಿಂದುಮುಂದಾಗಿ, ಅಲ್ಲಲ್ಲಿ ಬಿಟ್ಟು ಹೇಳಿದರು. ನಾದಿನಿ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಕೇಳಿದಳು. ಮುಗಿದ ಮೇಲೆ ಅವಳು ನಗುತ್ತಾಳೆಂದು ಟೀಚರು ಅಂದುಕೊಂಡಿದ್ದರು. ಅವಳು ಸಿಟ್ಟಾದಳು.

"ಇಷ್ಟು ವರ್ಷ ನನಗೊಬ್ಬ ಅಳಿಯ ಇದ್ದ," ಎಂದಳು. "ಸೋದರತ್ತೆ ಅಂತ ನಾನೊಬ್ಬಳಿದೀನಿ, ನನಗೇ ಹೇಳ್ಲಿಲ್ಲ. ಬೇಕರಿ ಇಟ್ಕೊಂಡಿದೀನಿ ಅತ್ತಿಗೆ. ಒಂದು ಹುಟ್ಟುಹಬ್ಬಕ್ಕಾದ್ರೂ ಒಂದು ಕೇಕು ಕಳಿಸ್ತಿರಲಿಲ್ವಾ ನಾನು?"

ಟೀಚರಿಗೆ ಅಲ್ಲಿಯವರೆಗೆ ಬರದಿದ್ದ ಅಳು ಆಗ ಬಂತು. ನಾದಿನಿ ಡಬ್ಬಿ ಇಟ್ಟು ಅವರನ್ನು ತಬ್ಬಿಕೊಂಡಳು. ಅವಳ ಮೈಯಿಂದ ವೆನಿಲ್ಲಾದ ವಾಸನೆ ಬರುತ್ತಿತ್ತು. ಹೊರಗೆ ಯಾರೋ ಬಾಗಿಲು ತಟ್ಟಿ, ವ್ಯಾನಿನವನು ಅವಸರ ಮಾಡುತ್ತಿದ್ದಾನೆ ಎಂದರು. ಮಾಡಲಿ, ಎಂದಳು ನಾದಿನಿ.

ಅಳು ನಿಂತ ಮೇಲೆ ಅವಳೇ ಕೆಲಸದ ಮಾತು ತೆಗೆದಳು. ದೊಡ್ಡವರ ಬಾಯಿಗೆ ನಾನು ಬೀಗ ಹಾಕುತ್ತೇನೆ. ಮಕ್ಕಳಿಗೆ ಏನು ಹೇಳುವುದು? ಹುಡುಗ ಹಾಸ್ಟೆಲಿಗೆ ಹೋದ ಅಂದುಬಿಡಿ, ಇಲ್ಲವೇ ಬೇಕರಿಯವಳ ಮನೆಯಲ್ಲಿರುತ್ತಾನೆ ಎನ್ನಿ, ನಾನು ಸಾಕುತ್ತೇನೆ ಎಂದಳು. ಅವಳು ಪೂರ್ತಿ ತಮಾಷೆಗೆ ಹೇಳಿರಲಿಲ್ಲ.

ಟೀಚರು ಯೋಚಿಸಿದರು. ಹಾಸ್ಟೆಲಿಗೆ ಕಳಿಸಿದರೆ ಹುಡುಗ ಬದುಕಿರುತ್ತಾನೆ, ನಿಜ. ಆದರೆ ಇನ್ನು ಮೇಲೆ ಅವನ ತಪ್ಪುಗಳನ್ನು ಹೇಳುವವರು ಯಾರು? ಒಬ್ಬರೇ ಕೂತು ಅವನನ್ನು ಮಾತಾಡಿಸುತ್ತ ಹೋಗುವುದು ತಮ್ಮಿಂದಾಗುವ ಕೆಲಸವಲ್ಲ ಅನ್ನಿಸಿತು. ಮುಖ ತೊಳೆದು ಹೊರಗೆ ಬಂದರು. ಮಕ್ಕಳನ್ನು ಒಳಗೆ ಕರೆದು, ಟೈಲರ ಸುತ್ತ ನಿಲ್ಲಿಸಿದರು.

"ಮನೆ ಹುಡುಗ ಎಲ್ಲಿ ಅಂತ ಕೇಳಿದ್ರಂತಲ್ಲ," ಎಂದರು. "ಇವರೇ. ಬೇರೆ ಯಾರೂ ಇರಲಿಲ್ಲ. ದಿನಾ ಸಂಜೆ ನಾನು ಪಾಠ ಕೇಳ್ತಿದ್ದೆ, ಇವರು ಹೇಳ್ತಿದ್ರು. ನೀವು ತಿದ್ದಿದ್ದನ್ನೆಲ್ಲ ನಾನು ಬಂದು ಇವರಿಗೆ ಹೇಳ್ತಿದ್ದೆ. ಒಂದನ್ನೂ ಬಿಟ್ಟಿಲ್ಲ."

ಮಕ್ಕಳು ನರೆತ ಮೀಸೆಯನ್ನು ನೋಡಿದರು. ಟೀಚರನ್ನು ನೋಡಿದರು.

"ಇಷ್ಟು ದೊಡ್ಡೋರು ಮೂರನೇ ಕ್ಲಾಸಾ?" ಎಂದ ಕನ್ನಡಕದ ಹುಡುಗ.

"ಹೂಂ."

"ಗುಡ್ಡ ಬೆಟ್ಟ ಹೇಳಿದ್ದೂ ಇವರೇನಾ?"

"ಇವರೇ."

ಅವನು ಅದನ್ನು ತಲೆಯಲ್ಲಿ ಹೊಂದಿಸಿಕೊಳ್ಳುತ್ತ ನಿಂತ. ಮೋಸವಾಯಿತೆಂದು ಸಿಟ್ಟಾಗುವುದೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದವಳೊಬ್ಬಳು ನಿಟ್ಟುಸಿರು ಬಿಟ್ಟು, ಸದ್ಯ, ಒಳಗೆ ಒಬ್ಬನೇ ಅಳುತ್ತ ಕೂತಿಲ್ಲವಲ್ಲ ಎಂದಳು. ಉಳಿದವರಿಗೂ ಅದು ಸರಿ ಕಂಡಿತು. ಗೋಡೆಯ ಹತ್ತಿರ ನಿಂತಿದ್ದ ದೊಡ್ಡವರು ನೆಲ ನೋಡಿದರು. ಅಂಚೆಯವನು ಹೊರಗೆ ಹೋಗಿ ಮೂಗು ಸೀನಿಕೊಂಡ.

ಎತ್ತಿದರು. ಬಾಗಿಲು ದಾಟಿಸುವಾಗ ಗಡಿಯಾರ ರಿಪೇರಿಯವನು, ನಿಧಾನ, ನಿಧಾನ ಎನ್ನುತ್ತಿದ್ದ. ಮಕ್ಕಳನ್ನು ಸ್ಕೂಲಿಗೆ ವಾಪಸು ಕರೆದೊಯ್ಯಲು ಹೆಡ್‌ಮಿಸ್ಸು ಬೀದಿಯ ಅಂಚಿನಲ್ಲಿ ಸಾಲು ಮಾಡಿಸಿದರು. ಟೀಚರು ವ್ಯಾನಿನ ಮುಂದಿನ ಸೀಟಿಗೆ ಹತ್ತಲು ಕಾಲು ಎತ್ತಿದಾಗ ಯಾರೋ ಹಿಂದಿನಿಂದ ತೋಳು ಹಿಡಿದೆಳೆದರು.

ಮೂಲೆ ಬೆಂಚಿನ ಹುಡುಗಿ. ಈ ವರ್ಷವೆಲ್ಲ ಅವಳು ಕ್ಲಾಸಿನಲ್ಲಿ ಮಾತಾಡಿದ್ದು ಬೆರಳೆಣಿಕೆಯಷ್ಟು ಸಲ. ಅಂಕ ಓದುವಾಗ ಮನೆ ಹುಡುಗನದು ಬರುವವರೆಗೆ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿರುವವಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಕೇಳಿದಳು.

"ಮಿಸ್, ಇನ್ಮೇಲೆ ಕೊನೆಯವಳು ನಾನಾ?"

ಡ್ರೈವರು ಎಂಜಿನ್ ಶುರು ಮಾಡಿದ. ಹಿಂದೆ ಕೂತಿದ್ದ ನಾದಿನಿ ಕಿಟಕಿ ಬಡಿದು ನಿಲ್ಲಿಸು ಎಂದಳು. ಟೀಚರು ಕಾಲು ಕೆಳಗಿಟ್ಟರು. ರಸ್ತೆಯಲ್ಲೇ ಮಂಡಿಯೂರಿ ಅವಳ ಮುಖದ ಮಟ್ಟಕ್ಕೆ ಬಂದರು.

"ಇಲ್ಲ," ಎಂದರು. "ಇನ್ಮೇಲೆ ನಾನು."

ಹುಡುಗಿ ತಲೆಯಾಡಿಸಿದಳು. ಅವಳಿಗೆ ನಂಬಿಕೆಯಿಲ್ಲ. "ನಿಮಗೆ ಎಲ್ಲಾ ಬರುತ್ತೆ."

"ಎಲ್ಲಿ ಬರುತ್ತೆ? ನೋಡು ಬೇಕಾದ್ರೆ. ಒಂದು ಟೂತ್." ಟೀಚರು ತಡೆದರು. ಇಷ್ಟು ವರ್ಷದಲ್ಲಿ ಅವರು ತಮ್ಮದೇ ಅಂತ ಒಂದು ತಪ್ಪನ್ನು ಮಕ್ಕಳ ಮುಂದೆ ಆಡಿದವರಲ್ಲ. ಅದು ನಾಲಿಗೆಗೆ ಸಲೀಸಾಗಿ ಬರಲಿಲ್ಲ. "ಎರಡು ಟೂತ್ಸ್."

ಹುಡುಗಿ ಅವರ ಮುಖವನ್ನು ನೋಡಿದಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ತಮಾಷೆ ಎಲ್ಲಾದರೂ ಅಡಗಿದೆಯೇ ಎಂದು. ಸಾಲಿನಲ್ಲಿ ನಿಂತವರು ಯಾರಾದರೂ ಮೊದಲು ಹೇಳಿಬಿಡುತ್ತಾರೇನೋ ಎಂದು ಅತ್ತ ಒಮ್ಮೆ ನೋಡಿದಳು. ಆಮೇಲೆ ಬಾಯಿಗೆ ಅಡ್ಡವಿದ್ದ ಕೈ ತೆಗೆದಳು. ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೆರಡೂ ಬಿದ್ದಿದ್ದವು. ವಸಡಿನಲ್ಲಿ ಹೊಸವು ಅಕ್ಕಿಕಾಳಿನಷ್ಟೇ ಕಾಣುತ್ತಿದ್ದವು.

"ಟೀತ್, ಮಿಸ್," ಎಂದಳು. ಕೊನೆಯ ಅಕ್ಷರ ಆ ಸಂದಿಯಿಂದ ಬರೀ ಗಾಳಿಯಾಗಿ ಹೊರಬಂದು ಟೀಚರ ಕೆನ್ನೆಗೆ ತಾಗಿತು.